ವಿಶ್ವಸನೀಯತೆ ಮತ್ತು ಸಪ್ರಮಾಣತೆ (ಮನೋಮಾಪನ)

ವಿಶ್ವಸನೀಯತೆ ಮತ್ತು ಸಪ್ರಮಾಣತೆ ಎಂಬುವು ಮನೋವಿಜ್ಞಾನ, ಶಿಕ್ಷಣಶಾಸ್ತ್ರ ಹಾಗೂ ಇತರ ವರ್ತನಾ ವಿಜ್ಞಾನಗಳಲ್ಲಿ ಬಳಸುವ ಪರೀಕ್ಷೆ, ಪ್ರಶ್ನಾವಳಿ ಮತ್ತು ವೀಕ್ಷಣಾ ವಿಧಾನಗಳ ಗುಣಮಟ್ಟವನ್ನು ಅಳೆಯುವ ಎರಡು ಮೂಲಭೂತ ಮಾನದಂಡಗಳು. ಒಂದು ಸಾಧನವು ಒಂದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಅಳೆದಾಗ ಎಷ್ಟರ ಮಟ್ಟಿಗೆ ಸ್ಥಿರವಾದ ಫಲಿತಾಂಶ ನೀಡುತ್ತದೆ ಎಂಬುದು ಅದರ ವಿಶ್ವಸನೀಯತೆ. ಅದು ಅಳೆಯಬೇಕಾದುದನ್ನೇ ಅಳೆಯುತ್ತಿದೆಯೇ, ಬಂದ ಅಂಕಕ್ಕೆ ನೀಡುವ ಅರ್ಥಕ್ಕೆ ಸಾಕಷ್ಟು ಆಧಾರವಿದೆಯೇ ಎಂಬುದು ಅದರ ಸಪ್ರಮಾಣತೆ. ಸಪ್ರಮಾಣತೆಯನ್ನು ಕೆಲವು ಪಠ್ಯಗಳಲ್ಲಿ ಸಿಂಧುತ್ವ ಎಂದೂ ಕರೆಯಲಾಗುತ್ತದೆ.

ಉದ್ದ, ತೂಕ ಮೊದಲಾದ ಭೌತಿಕ ಗುಣಗಳಂತೆ ಬುದ್ಧಿಶಕ್ತಿ, ಆತಂಕ, ಸ್ಮರಣೆ, ಮನೋಭಾವ ಮುಂತಾದವುಗಳನ್ನು ನೇರವಾಗಿ ಅಳೆಯಲು ಸಾಧ್ಯವಿಲ್ಲ. ವ್ಯಕ್ತಿಯು ನೀಡುವ ಉತ್ತರ ಅಥವಾ ತೋರುವ ವರ್ತನೆಯಿಂದ ಅವುಗಳನ್ನು ಊಹಿಸಬೇಕಾಗುತ್ತದೆ. ಹೀಗೆ ಊಹಿಸಿದ ಅಂಕಗಳ ಆಧಾರದ ಮೇಲೆ ಶಾಲೆಯಲ್ಲಿ ಪ್ರವೇಶ, ರೋಗನಿರ್ಣಯ, ಅಂಗವೈಕಲ್ಯ ಪ್ರಮಾಣಪತ್ರ, ಉದ್ಯೋಗ ಮಾತ್ರವಲ್ಲದೆ ಕೆಲವು ದೇಶಗಳಲ್ಲಿ ಮರಣದಂಡನೆಯ ಪ್ರಶ್ನೆಯೂ ತೀರ್ಮಾನವಾಗುವುದರಿಂದ ಈ ಎರಡು ಪರಿಕಲ್ಪನೆಗಳು ಕೇವಲ ಸಂಖ್ಯಾಶಾಸ್ತ್ರೀಯ ವಿಷಯಗಳಾಗಿ ಉಳಿದಿಲ್ಲ.

## ಎರಡರ ನಡುವಿನ ವ್ಯತ್ಯಾಸ

ಅಂಗಡಿಯೊಂದರಲ್ಲಿ ಒಂದು ಕಿಲೋಗ್ರಾಂ ತೂಕದ ಕಲ್ಲು ಸವೆದು 950 ಗ್ರಾಂ ಆಗಿದೆ ಎಂದು ಭಾವಿಸೋಣ. ಅದರಿಂದ ಎಷ್ಟು ಬಾರಿ ಅಕ್ಕಿ ತೂಗಿದರೂ ಪ್ರತಿ ಸಲವೂ ಒಂದೇ ಪ್ರಮಾಣ ಬರುತ್ತದೆ. ಆದ್ದರಿಂದ ಆ ತೂಕ ವಿಶ್ವಸನೀಯ. ಆದರೆ ಪ್ರತಿ ಸಲವೂ 50 ಗ್ರಾಂ ಕಡಿಮೆ ಇರುವುದರಿಂದ ಅದು ಸಪ್ರಮಾಣವಲ್ಲ. ಇದಕ್ಕೆ ವಿರುದ್ಧವಾಗಿ, ತಕ್ಕಡಿಯ ಮುಳ್ಳು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಓಲಾಡುತ್ತಿದ್ದರೆ ಕಲ್ಲು ಸರಿಯಾಗಿದ್ದರೂ ಒಂದು ಬಾರಿಯ ತೂಕವನ್ನು ನಂಬಲಾಗದು.

ಇದರಿಂದ ಎರಡು ತೀರ್ಮಾನಗಳು ದೊರೆಯುತ್ತವೆ. ಮೊದಲನೆಯದಾಗಿ, ಸಪ್ರಮಾಣತೆಗೆ ವಿಶ್ವಸನೀಯತೆ ಅಗತ್ಯ. ಎರಡನೆಯದಾಗಿ, ವಿಶ್ವಸನೀಯತೆಯೊಂದೇ ಸಪ್ರಮಾಣತೆಗೆ ಸಾಕಾಗುವುದಿಲ್ಲ.

ಎರಡನೆಯ ತೀರ್ಮಾನಕ್ಕೆ ಮನೋವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧ ಉದಾಹರಣೆಯೆಂದರೆ 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿದ್ದ 'ಚತುರ ಹಾನ್ಸ್' ಎಂಬ ಕುದುರೆ. ಅದು ಲೆಕ್ಕದ ಪ್ರಶ್ನೆಗಳಿಗೆ ಗೊರಸನ್ನು ನೆಲಕ್ಕೆ ಬಡಿದು ಸರಿಯುತ್ತರ ನೀಡುತ್ತಿತ್ತು. ಮಾಲೀಕನಲ್ಲದೆ ಬೇರೆಯವರು ಕೇಳಿದರೂ ಉತ್ತರ ಸರಿಯಾಗಿಯೇ ಇರುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ನಡೆಸಿದ ಪ್ರಯೋಗಗಳಲ್ಲಿ, ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದಾಗ ಅಥವಾ ಅವರು ಕುದುರೆಗೆ ಕಾಣಿಸದಿದ್ದಾಗ ಅದು ಸೋಲುವುದು ಕಂಡುಬಂದಿತು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸುವವರ ತಲೆ ಮತ್ತು ಭಂಗಿಯಲ್ಲಿ ಅರಿವಿಲ್ಲದೆ ಆಗುತ್ತಿದ್ದ ಸಣ್ಣ ಚಲನೆಯನ್ನು ಗಮನಿಸಿ ಕುದುರೆ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಫಲಿತಾಂಶ ಸ್ಥಿರವಾಗಿತ್ತು. ಆದರೆ ಅಳೆದದ್ದು ಗಣಿತ ಸಾಮರ್ಥ್ಯವನ್ನಲ್ಲ.

## ಇತಿಹಾಸ

1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಲಂಡನ್‌ನಲ್ಲಿ ಸ್ಥಾಪಿಸಿದ ಮಾನವಮಿತಿ ಪ್ರಯೋಗಾಲಯದಲ್ಲಿ ಸಾರ್ವಜನಿಕರ ದೃಷ್ಟಿ, ಶ್ರವಣ, ಪ್ರತಿಕ್ರಿಯಾ ಸಮಯ ಮುಂತಾದವುಗಳನ್ನು ಅಳೆಯಲಾಯಿತು. ಅಮೆರಿಕದ ಜೇಮ್ಸ್ ಮೆಕೀನ್ ಕ್ಯಾಟೆಲ್ 1890ರಲ್ಲಿ ಇದೇ ಬಗೆಯ ಅಳತೆಗಳನ್ನು 'ಮಾನಸಿಕ ಪರೀಕ್ಷೆಗಳು' ಎಂದು ಕರೆದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಕ್ಲಾರ್ಕ್ ವಿಸ್ಲರ್ 1901ರಲ್ಲಿ ಈ ಅಳತೆಗಳನ್ನು ಕಾಲೇಜು ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳೊಂದಿಗೆ ಹೋಲಿಸಿದಾಗ ಅವುಗಳ ನಡುವೆ ಬಹುತೇಕ ಯಾವ ಸಂಬಂಧವೂ ಕಾಣಲಿಲ್ಲ. ಸೆಕೆಂಡಿನ ಅಂಶದವರೆಗೆ ನಿಖರವಾಗಿ ಅಳೆದ ಮಾತ್ರಕ್ಕೆ ಬುದ್ಧಿಶಕ್ತಿಯನ್ನು ಅಳೆದಂತಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.

1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಬೇರೊಂದು ಮಾರ್ಗ ಹಿಡಿದರು. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವ ಉದ್ದೇಶದಿಂದ ಅವರು ತೀರ್ಮಾನ, ಗ್ರಹಿಕೆ ಮತ್ತು ತಾರ್ಕಿಕತೆಯನ್ನು ಪರೀಕ್ಷಿಸುವ 30 ಕಾರ್ಯಗಳ ಮಾಪಕವನ್ನು ರಚಿಸಿದರು. ಇದೇ ಕಾಲದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಅವರು 1904ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಮಾಪನದ ದೋಷವು ಸಹಸಂಬಂಧಗಳನ್ನು ಕುಗ್ಗಿಸುತ್ತದೆ ಎಂದು ತೋರಿಸಿ, ವಿಶ್ವಸನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದರು.

1927ರಲ್ಲಿ ಟ್ರೂಮನ್ ಕೆಲ್ಲಿ, ಪರೀಕ್ಷೆಯು ತಾನು ಅಳೆಯುವುದಾಗಿ ಹೇಳಿಕೊಳ್ಳುವುದನ್ನು ನಿಜವಾಗಿ ಅಳೆಯುತ್ತದೆಯೇ ಎಂಬುದೇ ಸಪ್ರಮಾಣತೆಯ ಸಮಸ್ಯೆ ಎಂದು ವ್ಯಾಖ್ಯಾನಿಸಿದರು. 1954ರಲ್ಲಿ ಅಮೆರಿಕದ ಮನೋವೈಜ್ಞಾನಿಕ ಸಂಘವು ಪರೀಕ್ಷೆಗಳಿಗೆ ತಾಂತ್ರಿಕ ಶಿಫಾರಸುಗಳನ್ನು ಪ್ರಕಟಿಸಿತು. 1955ರಲ್ಲಿ ಲೀ ಕ್ರಾನ್‌ಬಾಕ್ ಮತ್ತು ಪಾಲ್ ಮೀಲ್ ಬರೆದ ಲೇಖನವು ರಚನಾ ಸಪ್ರಮಾಣತೆಯ ಪರಿಕಲ್ಪನೆಯನ್ನು ವಿವರವಾಗಿ ಮಂಡಿಸಿತು.

## ವಿಶ್ವಸನೀಯತೆ

ಅಭಿಜಾತ ಪರೀಕ್ಷಾ ಸಿದ್ಧಾಂತದ ಪ್ರಕಾರ, ವ್ಯಕ್ತಿಯೊಬ್ಬರು ಪಡೆದ ಅಂಕವು ಎರಡು ಭಾಗಗಳ ಮೊತ್ತ: ನಿಜ ಅಂಕ ಮತ್ತು ದೋಷ. ನಿದ್ರೆಯ ಕೊರತೆ, ಕೊಠಡಿಯ ಗದ್ದಲ, ಊಹೆಯಿಂದ ಸಿಕ್ಕ ಸರಿಯುತ್ತರ, ಪರೀಕ್ಷಕರ ಔದಾರ್ಯ ಅಥವಾ ಬಿಗಿತನ ಇವೆಲ್ಲವೂ ದೋಷಕ್ಕೆ ಕಾರಣಗಳು. ಒಂದು ಗುಂಪಿನ ಅಂಕಗಳಲ್ಲಿ ಕಾಣುವ ಒಟ್ಟು ಏರಿಳಿತದಲ್ಲಿ ಎಷ್ಟು ಪಾಲು ನಿಜ ಅಂಕಗಳ ವ್ಯತ್ಯಾಸದಿಂದ ಬಂದಿದೆ ಎಂಬುದೇ ವಿಶ್ವಸನೀಯತಾ ಗುಣಾಂಕ. ಇದರ ಬೆಲೆ 0 ಮತ್ತು 1ರ ನಡುವೆ ಇರುತ್ತದೆ. ಗುಣಾಂಕ 0.80 ಇದ್ದರೆ ಏರಿಳಿತದ ಶೇ. 80ರಷ್ಟು ನಿಜವಾದದ್ದು, ಉಳಿದ ಶೇ. 20 ದೋಷದಿಂದ ಬಂದದ್ದು ಎಂದರ್ಥ.

### ಕಂಡುಹಿಡಿಯುವ ವಿಧಾನಗಳು

ಪರೀಕ್ಷೆ-ಮರುಪರೀಕ್ಷೆ ವಿಧಾನ: ಒಂದೇ ಪರೀಕ್ಷೆಯನ್ನು ಅದೇ ಗುಂಪಿಗೆ ಕೆಲವು ಕಾಲದ ನಂತರ ಮತ್ತೊಮ್ಮೆ ನೀಡಿ ಎರಡೂ ಸಲದ ಅಂಕಗಳ ಸಹಸಂಬಂಧವನ್ನು ಲೆಕ್ಕ ಹಾಕಲಾಗುತ್ತದೆ. ನಡುವಿನ ಅವಧಿ ತೀರ ಕಡಿಮೆಯಾದರೆ ಹಳೆಯ ಉತ್ತರಗಳು ನೆನಪಿನಲ್ಲಿ ಉಳಿದಿರುತ್ತವೆ. ತೀರ ಹೆಚ್ಚಾದರೆ ಅಳೆಯುವ ಗುಣವೇ ಬದಲಾಗಿರಬಹುದು.

ಸಮಾನಾಂತರ ನಮೂನೆ ವಿಧಾನ: ಒಂದೇ ಕಠಿಣತೆಯ ಎರಡು ಬೇರೆ ಪ್ರಶ್ನೆಪತ್ರಿಕೆಗಳನ್ನು ನೀಡಿ ಹೋಲಿಸಲಾಗುತ್ತದೆ. ನೆನಪಿನ ಸಮಸ್ಯೆ ತಪ್ಪುತ್ತದೆ, ಆದರೆ ನಿಜವಾಗಿ ಸಮಾನವಾದ ಎರಡು ನಮೂನೆಗಳನ್ನು ರಚಿಸುವುದು ಕಷ್ಟ.

ಅರ್ಧ ವಿಭಜನೆ ವಿಧಾನ: ಪರೀಕ್ಷೆಯನ್ನು ಸಮ ಮತ್ತು ಬೆಸ ಸಂಖ್ಯೆಯ ಪ್ರಶ್ನೆಗಳಾಗಿ ವಿಭಜಿಸಿ ಎರಡು ಭಾಗಗಳ ಅಂಕಗಳನ್ನು ಹೋಲಿಸಲಾಗುತ್ತದೆ. ಅರ್ಧ ಪರೀಕ್ಷೆಯ ಗುಣಾಂಕದಿಂದ ಪೂರ್ಣ ಪರೀಕ್ಷೆಯ ಗುಣಾಂಕವನ್ನು ಅಂದಾಜಿಸಲು 1910ರಲ್ಲಿ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಪ್ರತ್ಯೇಕವಾಗಿ ಪ್ರಕಟಿಸಿದ ಸೂತ್ರವನ್ನು ಬಳಸುತ್ತಾರೆ. ಎರಡು ಭಾಗಗಳ ಸಹಸಂಬಂಧ 0.60 ಆಗಿದ್ದರೆ, ಅದರ ಎರಡರಷ್ಟನ್ನು (1.20) ಒಂದಕ್ಕೆ ಅದನ್ನು ಕೂಡಿಸಿದ ಮೊತ್ತದಿಂದ (1.60) ಭಾಗಿಸಿದಾಗ ಪೂರ್ಣ ಪರೀಕ್ಷೆಯ ವಿಶ್ವಸನೀಯತೆ 0.75 ಎಂದು ದೊರೆಯುತ್ತದೆ.

ಆಂತರಿಕ ಸಾಮರಸ್ಯ: ಪರೀಕ್ಷೆಯ ಎಲ್ಲ ಪ್ರಶ್ನೆಗಳೂ ಪರಸ್ಪರ ಎಷ್ಟು ಹೊಂದಿಕೊಳ್ಳುತ್ತವೆ ಎಂಬುದನ್ನು ಇದು ಸೂಚಿಸುತ್ತದೆ. ಸರಿ-ತಪ್ಪು ಉತ್ತರಗಳ ಪರೀಕ್ಷೆಗಳಿಗೆ 1937ರಲ್ಲಿ ಕೂಡರ್ ಮತ್ತು ರಿಚರ್ಡ್‌ಸನ್ ನೀಡಿದ ಸೂತ್ರವನ್ನೂ, ಇತರ ಬಗೆಯ ಪ್ರಶ್ನಾವಳಿಗಳಿಗೆ 1951ರಲ್ಲಿ ಕ್ರಾನ್‌ಬಾಕ್ ವಿವರಿಸಿದ ಆಲ್ಫಾ ಗುಣಾಂಕವನ್ನೂ ಬಳಸಲಾಗುತ್ತದೆ.

ಪರೀಕ್ಷಕರ ನಡುವಿನ ಸಹಮತ: ಮಗುವಿನ ಆಟವನ್ನು ಇಬ್ಬರು ವೀಕ್ಷಕರು ದಾಖಲಿಸುವಾಗ ಅಥವಾ ಒಂದೇ ರೋಗಿಯನ್ನು ಇಬ್ಬರು ವೈದ್ಯರು ಪರೀಕ್ಷಿಸುವಾಗ ಅವರ ತೀರ್ಮಾನಗಳು ಎಷ್ಟು ಹೊಂದುತ್ತವೆ ಎಂಬುದನ್ನು ಇಲ್ಲಿ ನೋಡಲಾಗುತ್ತದೆ. ಆಕಸ್ಮಿಕವಾಗಿ ಬರುವ ಸಹಮತವನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಗುಣಾಂಕವನ್ನು ಜೇಕಬ್ ಕೋಹೆನ್ 1960ರಲ್ಲಿ ಪರಿಚಯಿಸಿದರು.

### ಆಲ್ಫಾ ಗುಣಾಂಕದ ಮಿತಿಗಳು

ಸಂಶೋಧನಾ ಪ್ರಬಂಧಗಳಲ್ಲಿ ಆಲ್ಫಾ 0.70ಕ್ಕಿಂತ ಹೆಚ್ಚಿದೆ ಎಂಬ ಒಂದು ವಾಕ್ಯದಿಂದಲೇ ಸಾಧನವು ಉತ್ತಮವೆಂದು ತೀರ್ಮಾನಿಸುವ ರೂಢಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಪ್ರಶ್ನೆಗಳ ಸಂಖ್ಯೆ ಹೆಚ್ಚಿದಂತೆ ಆಲ್ಫಾ ತಾನಾಗಿಯೇ ಏರುತ್ತದೆ. ಒಂದೇ ಪ್ರಶ್ನೆಯನ್ನು ಸ್ವಲ್ಪ ಪದ ಬದಲಿಸಿ ಹತ್ತು ಬಾರಿ ಕೇಳಿದರೂ ಅದು ಹೆಚ್ಚಿರುತ್ತದೆ. ಪ್ರಶ್ನಾವಳಿಯು ಒಂದೇ ಗುಣವನ್ನು ಅಳೆಯುತ್ತದೆ ಎಂಬುದನ್ನು ಅದು ಸಾಬೀತುಪಡಿಸುವುದಿಲ್ಲ. ಜಮ್ ನನಲಿ ಅವರು 1978ರ ತಮ್ಮ ಪಠ್ಯದಲ್ಲಿ ಸಂಶೋಧನೆಯ ಆರಂಭಿಕ ಹಂತಕ್ಕೆ ಮಾತ್ರ 0.70 ಸಾಕೆಂದೂ, ವ್ಯಕ್ತಿಯ ಬಗ್ಗೆ ಮಹತ್ವದ ನಿರ್ಧಾರ ಕೈಗೊಳ್ಳುವಲ್ಲಿ 0.90 ಕನಿಷ್ಠವೆಂದೂ, 0.95 ಅಪೇಕ್ಷಣೀಯವೆಂದೂ ಸೂಚಿಸಿದ್ದರು.

## ಮಾಪನದ ಮಾನಕ ದೋಷ

ವಿಶ್ವಸನೀಯತಾ ಗುಣಾಂಕವು ಇಡೀ ಗುಂಪಿಗೆ ಸಂಬಂಧಿಸಿದ್ದು. ಒಬ್ಬ ವ್ಯಕ್ತಿಯ ಅಂಕದಲ್ಲಿ ಎಷ್ಟು ಅನಿಶ್ಚಿತತೆ ಇದೆ ಎಂಬುದನ್ನು ಮಾಪನದ ಮಾನಕ ದೋಷವು ತಿಳಿಸುತ್ತದೆ. ಒಂದರಿಂದ ವಿಶ್ವಸನೀಯತಾ ಗುಣಾಂಕವನ್ನು ಕಳೆದು, ಉಳಿದುದರ ವರ್ಗಮೂಲವನ್ನು ಅಂಕಗಳ ಮಾನಕ ವಿಚಲನೆಯಿಂದ ಗುಣಿಸಿದರೆ ಇದು ದೊರೆಯುತ್ತದೆ.

ಉದಾಹರಣೆಗೆ, ಬುದ್ಧಿಶಕ್ತಿ ಪರೀಕ್ಷೆಯೊಂದರ ಮಾನಕ ವಿಚಲನೆ 15 ಮತ್ತು ವಿಶ್ವಸನೀಯತೆ 0.96 ಎಂದಿಟ್ಟುಕೊಳ್ಳೋಣ. 0.04ರ ವರ್ಗಮೂಲ 0.2, ಆದ್ದರಿಂದ ಮಾನಕ ದೋಷ 3 ಅಂಕಗಳು. ಇಷ್ಟು ಉತ್ತಮ ಪರೀಕ್ಷೆಯಲ್ಲಿಯೂ ಬುದ್ಧಿಲಬ್ಧ 72 ಎಂದು ಬಂದ ವ್ಯಕ್ತಿಯ ನಿಜ ಅಂಕವು ಶೇ. 95ರ ಭರವಸೆಯೊಂದಿಗೆ ಸುಮಾರು 66ರಿಂದ 78ರ ನಡುವೆ ಇದೆ ಎಂದಷ್ಟೇ ಹೇಳಬಹುದು. ವಿಶ್ವಸನೀಯತೆ 0.84ಕ್ಕೆ ಇಳಿದರೆ ಮಾನಕ ದೋಷ 6 ಅಂಕಗಳಾಗಿ, ಈ ವ್ಯಾಪ್ತಿಯು 60ರಿಂದ 84ರವರೆಗೆ ಹಿಗ್ಗುತ್ತದೆ.

### ಹಾಲ್ ವಿರುದ್ಧ ಫ್ಲಾರಿಡಾ ಪ್ರಕರಣ

ಮಾನಕ ದೋಷವು ಜೀವನ್ಮರಣದ ಪ್ರಶ್ನೆಯಾದ ಪ್ರಕರಣವಿದು. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ವಿಧಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿತ್ತು. ಆದರೆ ಫ್ಲಾರಿಡಾ ರಾಜ್ಯವು ಬುದ್ಧಿಲಬ್ಧ 70ಕ್ಕಿಂತ ಹೆಚ್ಚು ಇರುವವರು ನ್ಯೂನತೆಗೆ ಸಂಬಂಧಿಸಿದ ಬೇರೆ ಸಾಕ್ಷ್ಯ ಸಲ್ಲಿಸಲು ಅವಕಾಶವನ್ನೇ ನೀಡುತ್ತಿರಲಿಲ್ಲ. 2014ರಲ್ಲಿ ನ್ಯಾಯಾಲಯವು 5–4ರ ಬಹುಮತದಿಂದ ಈ ಕಟ್ಟುನಿಟ್ಟಿನ ಗೆರೆಯನ್ನು ತಳ್ಳಿಹಾಕಿತು. ಬುದ್ಧಿಲಬ್ಧವು ಒಂದು ಸ್ಥಿರ ಸಂಖ್ಯೆಯಲ್ಲ, ಒಂದು ವ್ಯಾಪ್ತಿ ಎಂದು ಪರಿಗಣಿಸಬೇಕು. ಅಂಕವು ಪರೀಕ್ಷೆಯ ದೋಷದ ವ್ಯಾಪ್ತಿಯೊಳಗೆ ಬಂದರೆ, ದೈನಂದಿನ ಜೀವನ ನಿರ್ವಹಣೆಯ ಕೊರತೆಗಳೂ ಸೇರಿದಂತೆ ಇತರ ಸಾಕ್ಷ್ಯವನ್ನು ಸಲ್ಲಿಸಲು ಆರೋಪಿಗೆ ಅವಕಾಶವಿರಬೇಕು ಎಂಬುದು ತೀರ್ಪಿನ ಸಾರ.

## ಸಪ್ರಮಾಣತೆ

### ಪ್ರಕಾರಗಳು

1954ರ ಶಿಫಾರಸುಗಳು ನಾಲ್ಕು ಬಗೆಯ ಸಪ್ರಮಾಣತೆಯನ್ನು ಗುರುತಿಸಿದವು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಈ ವಿಂಗಡಣೆಯನ್ನು ಕಾಣಬಹುದು.

* ವಿಷಯ ಸಪ್ರಮಾಣತೆ: ಪರೀಕ್ಷೆಯ ಪ್ರಶ್ನೆಗಳು ಇಡೀ ವಿಷಯವನ್ನು ಸಮರ್ಪಕವಾಗಿ ಪ್ರತಿನಿಧಿಸುತ್ತವೆಯೇ? ಹತ್ತು ಪಾಠಗಳಲ್ಲಿ ಎರಡರಿಂದ ಮಾತ್ರ ಪ್ರಶ್ನೆ ಕೇಳಿದರೆ ಆ ಪ್ರಶ್ನೆಪತ್ರಿಕೆಗೆ ವಿಷಯ ಸಪ್ರಮಾಣತೆ ಇರುವುದಿಲ್ಲ.
* ಏಕಕಾಲಿಕ ಸಪ್ರಮಾಣತೆ: ಅಂಕಗಳು ಅದೇ ಸಮಯದಲ್ಲಿ ಲಭ್ಯವಿರುವ ಬೇರೊಂದು ಒಪ್ಪಿತ ಮಾನದಂಡದೊಂದಿಗೆ ಹೊಂದುತ್ತವೆಯೇ? ಚಿಕ್ಕ ಖಿನ್ನತಾ ಪ್ರಶ್ನಾವಳಿಯ ಫಲಿತಾಂಶವನ್ನು ಮನೋವೈದ್ಯರ ಸಂದರ್ಶನದೊಂದಿಗೆ ಹೋಲಿಸುವುದು ಇದಕ್ಕೆ ಉದಾಹರಣೆ.
* ಭವಿಷ್ಯಸೂಚಕ ಸಪ್ರಮಾಣತೆ: ಇಂದಿನ ಅಂಕವು ಮುಂದಿನ ಸಾಧನೆಯನ್ನು ಮುಂಗಾಣುತ್ತದೆಯೇ? ಪ್ರವೇಶ ಪರೀಕ್ಷೆಗಳು ಮತ್ತು ನೇಮಕಾತಿ ಪರೀಕ್ಷೆಗಳಲ್ಲಿ ಇದು ಮುಖ್ಯ.
* ರಚನಾ ಸಪ್ರಮಾಣತೆ: ಅಳೆಯಲಾಗುತ್ತಿರುವ ಗುಣದ ಬಗ್ಗೆ ಸಿದ್ಧಾಂತವು ಹೇಳುವ ರೀತಿಯಲ್ಲಿಯೇ ಅಂಕಗಳು ವರ್ತಿಸುತ್ತವೆಯೇ?

ರಚನಾ ಸಪ್ರಮಾಣತೆಯನ್ನು ಪರೀಕ್ಷಿಸಲು ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಡೊನಾಲ್ಡ್ ಫಿಸ್ಕ್ 1959ರಲ್ಲಿ ಒಂದು ಕ್ರಮವನ್ನು ಸೂಚಿಸಿದರು. ಒಂದೇ ಗುಣವನ್ನು ಬೇರೆ ಬೇರೆ ವಿಧಾನಗಳಿಂದ ಅಳೆದಾಗ ಫಲಿತಾಂಶಗಳು ಒಂದಕ್ಕೊಂದು ಹತ್ತಿರವಾಗಿರಬೇಕು. ಬೇರೆ ಬೇರೆ ಗುಣಗಳನ್ನು ಒಂದೇ ವಿಧಾನದಿಂದ ಅಳೆದಾಗ ಅವು ದೂರವಾಗಿರಬೇಕು. ಆತಂಕದ ಪ್ರಶ್ನಾವಳಿಯು ಆತಂಕವನ್ನು ನೇರವಾಗಿ ವೀಕ್ಷಿಸಿ ದಾಖಲಿಸಿದ ಅಂಕಗಳಿಗಿಂತ ಕೋಪದ ಪ್ರಶ್ನಾವಳಿಯೊಂದಿಗೇ ಹೆಚ್ಚು ಹೊಂದಿಕೊಂಡರೆ, ಅದು ಆತಂಕಕ್ಕಿಂತ ಪ್ರಶ್ನಾವಳಿ ತುಂಬುವ ಶೈಲಿಯನ್ನು ಅಳೆಯುತ್ತಿರುವ ಸಾಧ್ಯತೆ ಇದೆ.

### ಏಕೀಕೃತ ದೃಷ್ಟಿ

ಸ್ಯಾಮ್ಯುಯೆಲ್ ಮೆಸಿಕ್ 1989ರಲ್ಲಿ ಈ ಪ್ರಕಾರಗಳನ್ನು ಪ್ರತ್ಯೇಕವಾಗಿ ನೋಡುವುದನ್ನು ವಿರೋಧಿಸಿದರು. ಅವರ ಪ್ರಕಾರ ಸಪ್ರಮಾಣತೆ ಒಂದೇ. ಉಳಿದವೆಲ್ಲ ಅದಕ್ಕೆ ಬೇಕಾದ ಸಾಕ್ಷ್ಯದ ಬಗೆಗಳು. ಅಲ್ಲದೆ ಸಪ್ರಮಾಣತೆಯು ಪರೀಕ್ಷೆಯ ಗುಣವಲ್ಲ, ಅಂಕಗಳಿಗೆ ನೀಡುವ ಅರ್ಥ ಮತ್ತು ಅವುಗಳ ಬಳಕೆಯ ಗುಣ. ಒಂದು ಉದ್ದೇಶಕ್ಕೆ ಸಪ್ರಮಾಣವಾದ ಪರೀಕ್ಷೆ ಮತ್ತೊಂದಕ್ಕೆ ಅಪ್ರಮಾಣವಾಗಬಹುದು. ನೆರವು ಬೇಕಾದ ಮಕ್ಕಳನ್ನು ಗುರುತಿಸಲು ರಚಿತವಾದ ಬಿನೆ ಮಾಪಕವನ್ನು ಜನಾಂಗಗಳ ಶ್ರೇಷ್ಠತೆಯನ್ನು ನಿರ್ಣಯಿಸಲು ಬಳಸುವುದು ಇದಕ್ಕೆ ನಿದರ್ಶನ.

## ದುರ್ಬಳಕೆಯ ನಿದರ್ಶನ: ಅಮೆರಿಕದ ಸೇನಾ ಪರೀಕ್ಷೆಗಳು

ಮೊದಲ ಮಹಾಯುದ್ಧದ ಸಮಯದಲ್ಲಿ ರಾಬರ್ಟ್ ಯರ್ಕೀಸ್ ಅವರ ನೇತೃತ್ವದಲ್ಲಿ ಅಮೆರಿಕದ ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿಶಕ್ತಿ ಪರೀಕ್ಷೆಗಳನ್ನು ನೀಡಲಾಯಿತು. ಇಂಗ್ಲಿಷ್ ಓದಬಲ್ಲವರಿಗೆ 'ಆಲ್ಫಾ', ಓದಲಾಗದವರಿಗೆ ಮತ್ತು ಇಂಗ್ಲಿಷ್ ಬಾರದ ವಲಸಿಗರಿಗೆ ಚಿತ್ರಗಳ 'ಬೀಟಾ' ಎಂಬ ನಮೂನೆಗಳಿದ್ದವು. ಬೀಟಾ ಪರೀಕ್ಷೆಯ ಒಂದು ಭಾಗದಲ್ಲಿ ಚಿತ್ರದಲ್ಲಿ ಬಿಟ್ಟುಹೋದ ಅಂಶವನ್ನು ತುಂಬಬೇಕಿತ್ತು: ಬಲೆಯಿಲ್ಲದ ಟೆನಿಸ್ ಅಂಗಣ, ಕೊಂಬಿಲ್ಲದ ಗ್ರಾಮಫೋನ್ ಇತ್ಯಾದಿ. ಇವುಗಳನ್ನು ಕಂಡೇ ಇರದವರಿಗೆ ಇದು ಬುದ್ಧಿಶಕ್ತಿಯ ಪರೀಕ್ಷೆಯಾಗದೆ ಅಮೆರಿಕದ ಜೀವನದ ಪರಿಚಯದ ಪರೀಕ್ಷೆಯಾಯಿತು.

ಕಾರ್ಲ್ ಬ್ರಿಗಮ್ 1923ರಲ್ಲಿ ಈ ದತ್ತಾಂಶಗಳ ಆಧಾರದಿಂದ ದಕ್ಷಿಣ ಮತ್ತು ಪೂರ್ವ ಯುರೋಪಿನ ವಲಸಿಗರು ಬುದ್ಧಿಶಕ್ತಿಯಲ್ಲಿ ಕೆಳಮಟ್ಟದವರೆಂದು ವಾದಿಸಿದರು. ಅಮೆರಿಕದಲ್ಲಿ ಹೆಚ್ಚು ವರ್ಷ ನೆಲೆಸಿದ ವಲಸಿಗರ ಅಂಕಗಳು ಹೆಚ್ಚಿದ್ದವು ಎಂಬುದು ಅದೇ ದತ್ತಾಂಶದಲ್ಲಿ ಕಂಡಿತ್ತು. ಅದನ್ನು ಭಾಷೆ ಮತ್ತು ಪರಿಸರದ ಪ್ರಭಾವವೆಂದು ಅವರು ಒಪ್ಪಲಿಲ್ಲ. 1930ರಲ್ಲಿ ಬ್ರಿಗಮ್ ಅವರೇ ಲೇಖನವೊಂದರಲ್ಲಿ ಇಂತಹ ಹೋಲಿಕೆಗಳು ನಿರಾಧಾರವೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಆ ಪ್ರದೇಶಗಳಿಂದ ಬರುವವರನ್ನು ತೀವ್ರವಾಗಿ ನಿರ್ಬಂಧಿಸುವ 1924ರ ವಲಸೆ ಕಾಯಿದೆ ಜಾರಿಗೆ ಬಂದಾಗಿತ್ತು.

## ಭಾಷೆ ಮತ್ತು ಸಂಸ್ಕೃತಿ

ಒಂದು ಭಾಷೆಯಲ್ಲಿ ಸಪ್ರಮಾಣವೆಂದು ಸಿದ್ಧವಾದ ಸಾಧನವು ಅನುವಾದದ ನಂತರವೂ ಹಾಗೆಯೇ ಉಳಿಯುತ್ತದೆ ಎನ್ನಲಾಗದು. ಒಬ್ಬರು ಅನುವಾದಿಸಿದ್ದನ್ನು ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಮೂಲಭಾಷೆಗೆ ತರಿಸಿ ಹೋಲಿಸುವುದು ಸಾಮಾನ್ಯ ಕ್ರಮ. ಆದರೆ ಪದಗಳು ಹೊಂದಿದ ಮಾತ್ರಕ್ಕೆ ಅರ್ಥ ಹೊಂದುತ್ತದೆ ಎಂದಲ್ಲ. ಕನ್ನಡದ 'ಬೇಸರ' ಎಂಬ ಪದವು ಸಂದರ್ಭಕ್ಕೆ ತಕ್ಕಂತೆ ದುಃಖ, ಅಸಮಾಧಾನ, ಜುಗುಪ್ಸೆ ಅಥವಾ ಮಾಡಲು ಏನೂ ಇಲ್ಲದ ಸ್ಥಿತಿಯನ್ನು ಸೂಚಿಸುತ್ತದೆ. ಖಿನ್ನತೆಯ ಪ್ರಶ್ನಾವಳಿಯಲ್ಲಿ "ನಿಮಗೆ ಎಷ್ಟು ದಿನ ಬೇಸರವಾಗಿತ್ತು?" ಎಂದು ಕೇಳಿದರೆ ಬರುವ ಉತ್ತರಗಳು ಒಂದೇ ಅನುಭವವನ್ನು ಕುರಿತವು ಎನ್ನುವುದು ಕಷ್ಟ.

ಅಕ್ಷರಜ್ಞಾನವೂ ಇಂತಹುದೇ ಅಡಚಣೆ. ವೃದ್ಧರಲ್ಲಿ ಮರೆಗುಳಿತನವನ್ನು ಪತ್ತೆಹಚ್ಚಲು 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 30 ಅಂಕಗಳ ಕಿರು ಮಾನಸಿಕ ಸ್ಥಿತಿ ಪರೀಕ್ಷೆಯಲ್ಲಿ ದಿನಾಂಕ ಹೇಳುವುದು, 100ರಿಂದ ಏಳೇಳನ್ನು ಕಳೆಯುತ್ತ ಹೋಗುವುದು, ಬರೆದ ಸೂಚನೆಯನ್ನು ಓದಿ ಪಾಲಿಸುವುದು, ಒಂದು ವಾಕ್ಯ ಬರೆಯುವುದು ಸೇರಿವೆ. ಶಾಲೆಗೆ ಹೋಗದ ಹಳ್ಳಿಯ ವೃದ್ಧೆಯೊಬ್ಬರು ಆರೋಗ್ಯವಂತರಾಗಿದ್ದರೂ ಇದರಲ್ಲಿ ಕಡಿಮೆ ಅಂಕ ಪಡೆಯಬಹುದು. ಈ ಕಾರಣದಿಂದ ಹರಿಯಾಣದ ಬಲ್ಲಭಗಢದಲ್ಲಿ ನಡೆದ ಅಧ್ಯಯನದ ಅಂಗವಾಗಿ, ಓದುಬರಹ ಬಾರದವರಿಗೂ ಹೊಂದುವ ಹಿಂದಿ ರೂಪವನ್ನು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಲಾಯಿತು.

## ಭಾರತ ಮತ್ತು ಕರ್ನಾಟಕದಲ್ಲಿ

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವು 1924ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್‌ನಲ್ಲಿ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದವರು. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಮಾಪಕದ ಅಮೆರಿಕನ್ ಪರಿಷ್ಕರಣೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ಭಾರತದ ಅನೇಕ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿ ಉಳಿಯಿತು. ಸಿ. ಎಂ. ಭಾಟಿಯಾ ಅವರ ಕಾರ್ಯಪರೀಕ್ಷೆಗಳ ಗುಚ್ಛ ಮತ್ತು ಎ. ಜೆ. ಮಾಲಿನ್ ಅವರು ಭಾರತೀಯ ಮಕ್ಕಳಿಗಾಗಿ ಅಳವಡಿಸಿದ ಮಾಪಕ ಇತರ ಪ್ರಮುಖ ಸಾಧನಗಳು.

ಹಳೆಯ ಪರೀಕ್ಷೆಗಳ ಬಳಕೆಯಲ್ಲಿ ಒಂದು ತೊಡಕಿದೆ. ಬುದ್ಧಿಲಬ್ಧವು ವ್ಯಕ್ತಿಯನ್ನು ಒಂದು ಹೋಲಿಕೆಯ ಗುಂಪಿನ ಸರಾಸರಿಯೊಂದಿಗೆ ಹೋಲಿಸಿ ಬರುವ ಸಂಖ್ಯೆ. ಜೇಮ್ಸ್ ಫ್ಲಿನ್ ಅವರು 1984ರಲ್ಲಿ ಅಮೆರಿಕದ ದತ್ತಾಂಶಗಳಿಂದ ಸರಾಸರಿ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರುತ್ತ ಬಂದಿವೆ ಎಂದು ತೋರಿಸಿದರು. ಹಾಗಿರುವಲ್ಲಿ ಹಲವು ದಶಕಗಳ ಹಿಂದಿನ ಮಕ್ಕಳೊಂದಿಗೆ ಇಂದಿನ ಮಗುವನ್ನು ಹೋಲಿಸಿದರೆ ಅಂಕವು ವಾಸ್ತವಕ್ಕಿಂತ ಹೆಚ್ಚಾಗಿ ಕಾಣಬಹುದು. ಅಂಗವಿಕಲರ ಹಕ್ಕುಗಳ ಕಾಯಿದೆ, 2016ರ ಅಡಿಯಲ್ಲಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರ ವೈಕಲ್ಯ ಪ್ರಮಾಣೀಕರಣ ಅಗತ್ಯವಾಗಿರುವುದರಿಂದ, ಗಡಿರೇಖೆಯ ಸಮೀಪವಿರುವ ಮಗುವಿಗೆ ಕೆಲವೇ ಅಂಕಗಳ ವ್ಯತ್ಯಾಸವೂ ಸೌಲಭ್ಯ ದೊರೆಯುವ ಅಥವಾ ತಪ್ಪುವ ಪ್ರಶ್ನೆಯಾಗುತ್ತದೆ. ಬೌದ್ಧಿಕ ನ್ಯೂನತೆಯ ನಿರ್ಣಯದಲ್ಲಿ ಬುದ್ಧಿಶಕ್ತಿ ಪರೀಕ್ಷೆಯೊಂದನ್ನೇ ನಂಬದೆ, ಊಟ, ಉಡುಪು, ಮಾತುಕತೆ, ಹಣದ ವ್ಯವಹಾರ ಮೊದಲಾದ ಹೊಂದಾಣಿಕೆಯ ವರ್ತನೆಯನ್ನೂ ಅಳೆಯುವುದು ಇದಕ್ಕಾಗಿಯೇ.

## ಸಂಶೋಧನೆಯ ಮೇಲಿನ ಪರಿಣಾಮ

ಮಾಪನದ ದೋಷವು ಎರಡು ಗುಣಗಳ ನಡುವಿನ ನಿಜವಾದ ಸಂಬಂಧವನ್ನು ಕುಗ್ಗಿಸಿ ತೋರಿಸುತ್ತದೆ. ನಿಜವಾದ ಸಹಸಂಬಂಧ 0.50 ಇದ್ದು, ಎರಡು ಸಾಧನಗಳ ವಿಶ್ವಸನೀಯತೆ 0.81 ಮತ್ತು 0.64 ಆಗಿದ್ದರೆ ದತ್ತಾಂಶದಲ್ಲಿ ಕಾಣುವ ಸಹಸಂಬಂಧ ಸುಮಾರು 0.36 ಮಾತ್ರ.

2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಾಮೂಹಿಕ ಯೋಜನೆಯೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೊಮ್ಮೆ ನಡೆಸಲಾಯಿತು. ಮೂಲ ಅಧ್ಯಯನಗಳಲ್ಲಿ ಶೇ. 97ರಷ್ಟು ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ನೀಡಿದ್ದರೆ, ಮರುಅಧ್ಯಯನಗಳಲ್ಲಿ ಶೇ. 36 ಮಾತ್ರ ಅಂತಹ ಫಲಿತಾಂಶ ನೀಡಿದವು. ಚಿಕ್ಕ ಮಾದರಿಗಳು ಮತ್ತು ಅನುಕೂಲಕರ ಫಲಿತಾಂಶಗಳನ್ನಷ್ಟೇ ಪ್ರಕಟಿಸುವ ಪ್ರವೃತ್ತಿಯ ಜೊತೆಗೆ ದುರ್ಬಲ ಮಾಪನವನ್ನೂ ಇಂತಹ ವೈಫಲ್ಯದ ಕಾರಣಗಳಲ್ಲಿ ಒಂದೆಂದು ಚರ್ಚಿಸಲಾಗುತ್ತದೆ. ಪ್ರಯೋಗಾಲಯದ ಕೆಲವು ಹೆಸರಾಂತ ಕಾರ್ಯಗಳು ಗುಂಪಿನ ಮಟ್ಟದಲ್ಲಿ ಸ್ಪಷ್ಟ ಪರಿಣಾಮ ತೋರಿದರೂ ವ್ಯಕ್ತಿಗಳ ನಡುವಿನ ವ್ಯತ್ಯಾಸವನ್ನು ವಿಶ್ವಸನೀಯವಾಗಿ ಅಳೆಯಲಾರವು ಎಂದು 2018ರಲ್ಲಿ ಹೆಜ್, ಪೊವೆಲ್ ಮತ್ತು ಸಮ್ನರ್ ತೋರಿಸಿದರು. ಎಲ್ಲರಲ್ಲಿಯೂ ಪರಿಣಾಮವು ಒಂದೇ ರೀತಿ ಕಂಡಾಗ ಪ್ರಯೋಗಕ್ಕೆ ಅನುಕೂಲ. ಆದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ವ್ಯತ್ಯಾಸವೇ ಬೇಕು.

## ಅಂಕಗಳನ್ನು ಓದುವಾಗ ಗಮನಿಸಬೇಕಾದವು

ಮನೋವೈಜ್ಞಾನಿಕ ಪರೀಕ್ಷೆಯ ವರದಿಯನ್ನು ಅರ್ಥೈಸುವಾಗ ಸಾಮಾನ್ಯವಾಗಿ ಈ ಅಂಶಗಳನ್ನು ಪರಿಶೀಲಿಸಲಾಗುತ್ತದೆ: ಪರೀಕ್ಷೆಯನ್ನು ಯಾವ ಭಾಷೆ, ವಯಸ್ಸು ಮತ್ತು ಹಿನ್ನೆಲೆಯ ಜನರ ಮೇಲೆ, ಯಾವ ವರ್ಷದಲ್ಲಿ ಪ್ರಮಾಣೀಕರಿಸಲಾಗಿದೆ, ಅಂಕದೊಂದಿಗೆ ದೋಷದ ವ್ಯಾಪ್ತಿಯನ್ನು ನೀಡಲಾಗಿದೆಯೇ, ಪರೀಕ್ಷೆಯನ್ನು ಅದರ ಮೂಲ ಉದ್ದೇಶಕ್ಕೇ ಬಳಸಲಾಗಿದೆಯೇ, ನಿರ್ಧಾರವು ಒಂದೇ ಅಂಕವನ್ನು ಅವಲಂಬಿಸಿದೆಯೇ ಅಥವಾ ಇತರ ಮಾಹಿತಿಯನ್ನೂ ಒಳಗೊಂಡಿದೆಯೇ. ಈ ವಿವರಗಳಿಲ್ಲದೆ ಒಂಟಿಯಾಗಿ ನೀಡಿದ ಅಂಕವನ್ನು ಅಂತಿಮ ತೀರ್ಮಾನವೆಂದು ಪರಿಗಣಿಸುವುದಿಲ್ಲ.